ಕೂಡಿ ಕಲಿಯುವ ಕಸುಬು

ಮೈಸೂರಿನಿಂದ ಹುಣಸೂರಿನ ಮೇಲೆ ಮಡಿಕೇರಿಗೆ ಹೋಗುವ ದಾರಿಯಲ್ಲಿ, ಪಿರಿಯಾಪಟ್ಟಣಕ್ಕೆ ಮುನ್ನ ಸಿಗುವ ಊರು ಕಂಪಲಾಪುರ. ಆ ದಾರಿಯಲ್ಲಿ ಹೋಗಿ ಬಂದವರು ನಿಮ್ಮಲ್ಲಿ ಅನೇಕರಿರಬಹುದು. ಆಷಾಢ ಕಳೆದು ಶ್ರಾವಣ ಕಾಲಿಟ್ಟ ಮೇಲೆ ಆ ಪ್ರಾಂತದ ಹೊಲಗಳ ನಡುವೆ ಎತ್ತರವಾದ, ಕಿಟಕಿಯೇ ಇಲ್ಲದ ಕಟ್ಟಡಗಳು ಹೊಗೆಯಾಡುವುದನ್ನು ನೀವು ಕಂಡಿರಬೇಕು. ಅವು ಹೊಗೆಸೊಪ್ಪನ್ನು ಹದಮಾಡುವ ಬ್ಯಾರನ್ನುಗಳು. ಅಲ್ಲಿ ಹದವಾದ ಸೊಪ್ಪು ಕಂಪಲಾಪುರದ ಹರಾಜು ಕಟ್ಟೆಗೆ ಬಂದು ಮಾರಾಟವಾಗುತ್ತದೆ.

ನಾನು ಹೇಳಹೊರಟಿರುವುದು ಹೊಗೆಸೊಪ್ಪಿನ ಗುಣಗಾನವನ್ನಲ್ಲ. ಅದರ ಕೇಡು ಎಲ್ಲರಿಗೂ ತಿಳಿದದ್ದೇ. ಆ ಮಾತಿಗೆ ಮುಂದೆ ಬರುತ್ತೇನೆ. ಈಗ ಕೇಳಬೇಕಾದ ಪ್ರಶ್ನೆ ಬೇರೆ. ಬ್ಯಾರನ್ನಿನ ಒಲೆಯ ಮುಂದೆ ರಾತ್ರಿಯೆಲ್ಲ ಎಚ್ಚರವಾಗಿರುವಾತ ತನ್ನ ಕೆಲಸವನ್ನು ಎಲ್ಲಿ ಕಲಿತ? ಯಾರಿಂದ ಕಲಿತ? ಆತ ಕಲಿತ ರೀತಿಯಿಂದ ನಮ್ಮ ಕಚೇರಿ, ಕಾರ್ಖಾನೆ, ಆಸ್ಪತ್ರೆ, ಅಂಗಡಿಗಳವರು ತಿಳಿಯಬೇಕಾದುದು ಏನಾದರೂ ಉಂಟೆ?

ಮೊದಲು ಆ ಕೆಲಸವೆಂಥದು ಎಂಬುದನ್ನು ನೋಡೋಣ. ಹೊಲದಲ್ಲಿ ಗಿಡದ ಬುಡದ ಕಡೆಯಿಂದ ಬಲಿತ ಎರಡು ಮೂರು ಎಲೆಗಳನ್ನು ಮಾತ್ರ ಕೀಳುತ್ತಾರೆ. ವಾರ ಬಿಟ್ಟು ಅದರ ಮೇಲಿನವು. ಹೀಗೆ ಒಂದೇ ಗಿಡ ಆರೇಳು ಸಲ ಸೊಪ್ಪು ಕೊಡುತ್ತದೆ. ಕಿತ್ತ ಎಲೆಗಳನ್ನು ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ನಿನೊಳಗೆ ಸಾಲುಸಾಲಾಗಿ ನೇತು ಹಾಕುತ್ತಾರೆ. ಹೊರಗಿನ ಒಲೆಯಲ್ಲಿ ಸೌದೆ ಉರಿಯುತ್ತದೆ. ಅದರ ಬಿಸಿ ಒಳಗೆ ನೆಲದ ಬಳಿ ಹಾಯುವ ತಗಡಿನ ಕೊಳವೆಗಳಲ್ಲಿ ಹರಿಯುತ್ತದೆ. ಹೊಗೆ ಎಲೆಗೆ ತಾಕುವುದಿಲ್ಲ, ಕಾವು ಮಾತ್ರ ತಾಕುತ್ತದೆ.

ಇನ್ನು ಐದಾರು ದಿನ ಕಾವಲು. ಮೊದಲ ಒಂದೂವರೆ ಎರಡು ದಿನ 32ರಿಂದ 40 ಡಿಗ್ರಿ ಸೆಂಟಿಗ್ರೇಡಿನ ಎಳೆಬಿಸಿ, ಒಳಗೆ ತೇವವಾದ ಗಾಳಿ. ಆಗ ಎಲೆಯಲ್ಲಿರುವ ಪಿಷ್ಟ ಸಕ್ಕರೆಯಾಗಿ ಮಾರ್ಪಟ್ಟು ಹಸುರು ಹೋಗಿ ಹಳದಿ ಬರುತ್ತದೆ. ಆಮೇಲೆ ಕಾವನ್ನು ಮೆಲ್ಲಮೆಲ್ಲನೆ ಏರಿಸಿ, ಗಾಳಿಕಿಂಡಿಗಳನ್ನು ತೆರೆದು, ಆ ಬಣ್ಣ ನಿಲ್ಲುವಂತೆ ಎಲೆಯನ್ನು ಒಣಗಿಸಬೇಕು. ಕಡೆಗೆ 70 ಡಿಗ್ರಿಯವರೆಗೂ ಏರಿಸಿ ದಪ್ಪನೆಯ ನಡುನರವನ್ನು ಒಣಗಿಸಬೇಕು. ಕಾವು ಬೇಗ ಏರಿದರೆ ಎಲೆಯಲ್ಲಿ ಹಸುರು ಹಾಗೆಯೇ ಉಳಿಯುತ್ತದೆ. ತೇವವಿರುವಾಗಲೇ ಬಿಸಿ ಹೆಚ್ಚಾದರೆ ಎಲೆ ಬೆಂದು ಕಂದಾಗುತ್ತದೆ. ನರದಲ್ಲಿ ತೇವ ಉಳಿದರೆ ಮುಂದೆ ಬೂಷ್ಟು ಹಿಡಿಯುತ್ತದೆ. ಒಣಗಿದ ಎಲೆಯೊಂದು ಜಾರಿ ಕಾದ ಕೊಳವೆಯ ಮೇಲೆ ಬಿದ್ದರಂತೂ ಇಡೀ ಬ್ಯಾರನ್ನೇ ಉರಿದುಹೋಗುವುದುಂಟು. ಉತ್ತು, ಸಸಿ ನೆಟ್ಟು, ಮಳೆ ನೋಡಿ, ಸಾಲ ತಂದು ಬೆಳೆದ ಬೆಳೆಯ ಒಂದು ಪಾಲು ಒಂದೇ ರಾತ್ರಿಯ ತೂಕಡಿಕೆಯಲ್ಲಿ ಹೋಗಬಹುದು. ಆದುದರಿಂದ ಇಲ್ಲಿ ಕಲಿಕೆಯೆಂಬುದು ಹೊಟ್ಟೆಪಾಡಿನ ಪ್ರಶ್ನೆ.

ಈಗ ನಾನು ಹೇಳಿದ ಡಿಗ್ರಿಗಳನ್ನೆಲ್ಲ ನೀವು ಒಂದು ಚೀಟಿಯಲ್ಲಿ ಬರೆದುಕೊಂಡಿರಿ ಎನ್ನಿ. ಆ ಚೀಟಿ ಹಿಡಿದು ಒಂದು ಬ್ಯಾರನ್ನನ್ನು ನಡೆಸಬಲ್ಲಿರಾ? ಖಂಡಿತ ಆಗದು. ಮಳೆ ಹಿಡಿದು ಬಂದ ಸೊಪ್ಪು ಬೇರೆ, ಬಿಸಿಲಿನಲ್ಲಿ ಬಲಿತ ಸೊಪ್ಪು ಬೇರೆ. ಬುಡದ ತೆಳು ಎಲೆಗೆ ಸಲ್ಲುವ ಹೊತ್ತು ತುದಿಯ ದಪ್ಪ ಎಲೆಗೆ ಸಲ್ಲದು. ಬ್ಯಾರನ್ನಿನಲ್ಲಿ ತೂಗುಹಾಕಿರುವ ಉಷ್ಣಮಾಪಕ ಕಾವೆಷ್ಟು ಎಂದು ಹೇಳೀತು. ಈಗ ಏರಿಸಬಹುದೆ, ಇನ್ನೂ ಕಾಯಬೇಕೆ ಎಂಬುದನ್ನು ಎಲೆಯೇ ಹೇಳಬೇಕು. ಎಲೆಯ ಮಾತು ತಿಳಿಯಬೇಕಾದರೆ ಅದನ್ನು ಬಲ್ಲವರ ಪಕ್ಕದಲ್ಲಿ ನಿಂತು, ಮುಟ್ಟಿ, ಮೂಸಿ, ನೋಡಿ ಅಭ್ಯಾಸವಾಗಬೇಕು.

ಹಾಗೆ ನಿಲ್ಲುವ ಅವಕಾಶ ಆ ಊರುಗಳ ದುಡಿಮೆಯಲ್ಲೇ ಸೇರಿಕೊಂಡಿದೆ. ಹೊಸಬನಿಗೆ ಮೊದಲ ದಿನವೇ ಯಾರೂ ಒಲೆಯನ್ನು ಒಪ್ಪಿಸುವುದಿಲ್ಲ. ಮೊದಲು ಸೌದೆ ಒಟ್ಟುವುದು, ಕಡ್ಡಿ ಎತ್ತಿ ಕೊಡುವುದು. ಆಮೇಲೆ ಹಿರಿಯರೊಬ್ಬರ ಜೊತೆಯಲ್ಲಿ ರಾತ್ರಿಯ ಪಾಳಿ. ಬಾಗಿಲು ತೆರೆದು ದೀಪ ಹಿಡಿದಾಗ ಆ ಹಿರಿಯರು, ‘ನೋಡ್ಲಾ ಮಗ, ಎಲೆ ತುದಿ ಹಣ್ಣಾಗ್ಯದೆ, ನರದ ತಾವು ಇನ್ನೂ ಹಸುರು. ಈಗ್ಲೇ ಉರಿ ಏರಿಸ್ಬ್ಯಾಡ’ ಎಂದಾರು. ಅಷ್ಟೇ ಪಾಠ. ಆದರೆ ಆ ಪಾಠ ಬೇಕಾದ ಗಳಿಗೆಯಲ್ಲಿ, ಬೇಕಾದ ವಸ್ತುವಿನ ಎದುರಿನಲ್ಲೇ ಬಂತು. ಒಂದೆರಡು ಹಂಗಾಮು ಹೀಗೆ ಕಳೆದ ಮೇಲೆ ಹಿರಿಯರು ಗೋಡೆಗೊರಗಿ ಮಲಗುತ್ತಾರೆ. ಹೊಸಬ ಅನುಮಾನ ಬಂದಾಗ ಮಾತ್ರ ಎಬ್ಬಿಸುತ್ತಾನೆ. ಮುಂದಿನ ವರ್ಷ ಎಬ್ಬಿಸುವುದೂ ಇಲ್ಲ.

ಸೊಪ್ಪು ಕಟ್ಟುವ ಕೆಲಸವಂತೂ ಒಬ್ಬರಿಂದ ಆಗತಕ್ಕದ್ದೇ ಅಲ್ಲ. ಬೆಳಿಗ್ಗೆ ಕಿತ್ತ ಎಲೆ ಸಂಜೆಯೊಳಗೆ ಬ್ಯಾರನ್ನು ಸೇರಬೇಕು. ನಮ್ಮ ನಾಡಿನಲ್ಲಿ ಮುಯ್ಯಾಳು ಎಂಬ ಪದ್ಧತಿಯುಂಟಷ್ಟೆ. ಇಂದು ನಿಮ್ಮ ಕೆಲಸಕ್ಕೆ ನಾವು, ನಾಳೆ ನಮ್ಮ ಕೆಲಸಕ್ಕೆ ನೀವು. ಇದನ್ನು ನಾವು ಕೂಲಿಯ ಉಳಿತಾಯವೆಂದೇ ಎಣಿಸುತ್ತೇವೆ. ಆದರೆ ಮುಯ್ಯಾಳಾಗಿ ಹೋದವರು ಕೈಯ ದುಡಿಮೆಯನ್ನು ಕೊಟ್ಟು ಬರುವುದರ ಜೊತೆಗೆ ಕಣ್ಣಿನ ತಿಳಿವಳಿಕೆಯನ್ನೂ ತರುತ್ತಾರೆ. ಪಕ್ಕದ ಹೊಲದವರು ಎಷ್ಟು ಬಲಿತ ಎಲೆಯನ್ನು ಕೀಳುತ್ತಾರೆ, ಕಡ್ಡಿಗೆ ಎಷ್ಟು ಎಲೆ ಕಟ್ಟುತ್ತಾರೆ, ಕಡ್ಡಿಗಳ ನಡುವೆ ಎಷ್ಟು ತೆರಪು ಬಿಡುತ್ತಾರೆ ಎಂಬುದೆಲ್ಲ ಕೆಲಸ ಮಾಡುತ್ತಲೇ ತಿಳಿದುಬರುತ್ತದೆ.

ಹದವಾದ ಸೊಪ್ಪನ್ನು ಬಣ್ಣ, ಗಿಡದಲ್ಲಿದ್ದ ಸ್ಥಾನ, ಕಲೆ, ಮೈಗಳನ್ನು ನೋಡಿ ವಿಂಗಡಿಸುವುದು ಮತ್ತೊಂದು ವಿದ್ಯೆ. ಇದನ್ನು ಬಹುಮಟ್ಟಿಗೆ ಬಲ್ಲವರು ಹೆಂಗಸರು. ನಿಂಬೆಯ ಹಳದಿಗೂ ಕಿತ್ತಳೆಯ ಹಳದಿಗೂ ನಡುವಣ ಮೆಟ್ಟಿಲುಗಳನ್ನು ಅವರ ಕಣ್ಣು ಕ್ಷಣದಲ್ಲಿ ಅಳೆಯುತ್ತದೆ. ಹೊಸದಾಗಿ ಬಂದ ಸೊಸೆಗೆ ಅತ್ತೆಯೋ ಪಕ್ಕದ ಮನೆಯ ಅಕ್ಕನೋ ಒಂದು ಎಲೆಯನ್ನು ಈ ರಾಶಿಯಿಂದ ಎತ್ತಿ ಆ ರಾಶಿಗೆ ಹಾಕಿ ತೋರಿಸುತ್ತಾರೆ. ಸಾವಿರ ಎಲೆಯಾದ ಮೇಲೆ ಆ ಕಣ್ಣು ಇವಳಿಗೂ ಬರುತ್ತದೆ. ಬೇಲಿನ ಬೆಲೆ ನಿಂತಿರುವುದು ಈ ಕಣ್ಣಿನ ಮೇಲೆ. ಆದರೆ ಕೂಲಿ ಲೆಕ್ಕ ಹಾಕುವಾಗ ಇದನ್ನು ವಿದ್ಯೆಯೆಂದು ಎಣಿಸುವವರು ಎಷ್ಟು ಮಂದಿ?

ಇದರ ಪರೀಕ್ಷೆ ನಡೆಯುವುದು ಹರಾಜು ಕಟ್ಟೆಯಲ್ಲಿ. ತಂಬಾಕು ಮಂಡಳಿ ಸ್ಥಾಪನೆಯಾದದ್ದು 1976ರಲ್ಲಿ. ಮಂಡಳಿಯ ಹರಾಜು ಕರ್ನಾಟಕದಲ್ಲಿ ಆರಂಭವಾದದ್ದು 1984ರಲ್ಲಿ. ಬೇಲುಗಳನ್ನು ಸಾಲಾಗಿಟ್ಟು ಒಂದೊಂದಕ್ಕೂ ಬೆಲೆ ಕೂಗುತ್ತಿದ್ದರು; ಈಗ ಕೊಳ್ಳುವವರು ಕೈಯಲ್ಲಿ ಯಂತ್ರ ಹಿಡಿದು ಬೆಲೆ ಒತ್ತುತ್ತಾರೆ. ಆದರೂ ಬೇಲುಗಳು ಪಕ್ಕಪಕ್ಕದಲ್ಲೇ ಇರುತ್ತವೆ. ನಿಮ್ಮ ಬೇಲಿಗಿಂತ ಪಕ್ಕದವರದಕ್ಕೆ ಕಿಲೋಗೆ ಹತ್ತು ರೂಪಾಯಿ ಹೆಚ್ಚು ಬಂದರೆ ಸುಮ್ಮನಿರುತ್ತೀರಾ? ಹೋಗಿ ಅವರ ಸೊಪ್ಪನ್ನು ಎತ್ತಿ ನೋಡುತ್ತೀರಿ, ಕೇಳುತ್ತೀರಿ. ಪರೀಕ್ಷೆಯ ಫಲಿತಾಂಶ ಎಲ್ಲರ ಎದುರಿನಲ್ಲಿ ಬಂದು, ಒಳ್ಳೆಯ ಉತ್ತರ ಬರೆದವರ ಕಾಗದವೂ ಪಕ್ಕದಲ್ಲೇ ತೆರೆದಿದ್ದರೆ ಕಲಿಕೆ ಎಷ್ಟು ವೇಗವಾಗಿ ಸಾಗುತ್ತದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ದೂರದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಹೀಗೆ ಕಾವಿನಿಂದ ಎಲೆಯನ್ನು ಹಳದಿಯಾಗಿಸುವ ವಿಧಾನದ ಮೂಲವನ್ನು 1839ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಗುರುತಿಸುತ್ತಾರೆ. ಕಂಡುಹಿಡಿದಾತ ಸ್ಲೇಡ್ ಎಂಬ ಜಮೀನುದಾರನ ಬಳಿ ಗುಲಾಮನಾಗಿದ್ದ ಸ್ಟೀಫನ್. ಕಮ್ಮಾರಿಕೆಯನ್ನೂ ಬಲ್ಲವನು. ಬ್ಯಾರನ್ನಿನ ಬೆಂಕಿ ಕಾಯುತ್ತ ಅವನು ನಿದ್ದೆಹೋದನೆಂದೂ, ಎಚ್ಚೆತ್ತಾಗ ಬೆಂಕಿ ಆರುತ್ತಿದ್ದುದನ್ನು ಕಂಡು ಕುಲುಮೆಯ ಇದ್ದಿಲನ್ನು ತಂದು ಹಾಕಿದನೆಂದೂ, ಆ ಥಟ್ಟನೆ ಏರಿದ ಕಾವಿನಿಂದ ಎಲೆ ಹೊಳೆಯುವ ಹಳದಿಯಾಯಿತೆಂದೂ ಕಥೆ ಹೇಳುತ್ತಾರೆ. ಒಂದು ಕಸುಬಿನ ತಿಳಿವಳಿಕೆಯನ್ನು ಇನ್ನೊಂದು ಕಸುಬಿಗೆ ತಂದ ಕೈ ಅದು. ಅದರ ಲಾಭವೆಲ್ಲ ಒಡೆಯರಿಗಾಯಿತು. ಕೆಲಸಗಾರನ ತಲೆಯಲ್ಲಿಯೂ ವಿದ್ಯೆ ಹುಟ್ಟುತ್ತದೆ ಎಂಬುದನ್ನು ಒಪ್ಪದ ಸಂಸ್ಥೆ ಇಂಥ ಎಷ್ಟು ತಿಳಿವಳಿಕೆಯನ್ನು ಕಳೆದುಕೊಳ್ಳುತ್ತದೆಯೋ ಎಂದು ಯೋಚಿಸಬೇಕು.

ಹಾಗಾದರೆ ಪಂಡಿತರ ಬೋಧನೆ ಬೇಡವೆ? ಬೇಕೇ ಬೇಕು. ಹುಣಸೂರಿನಲ್ಲಿ 1957ರಿಂದ ತಂಬಾಕು ಸಂಶೋಧನಾ ಕೇಂದ್ರವಿದೆ. ತಳಿ, ರೋಗ, ಗೊಬ್ಬರ, ಸೌದೆಯ ಮಿತವ್ಯಯ ಮುಂತಾದ ವಿಷಯಗಳಲ್ಲಿ ಹೊಲದವರ ಕಣ್ಣಿಗೆ ಕಾಣದ್ದನ್ನು ತೋರಿಸಬಲ್ಲದ್ದು ವಿಜ್ಞಾನವೇ. ಕೂಡಿ ಕಲಿಯುವುದರಲ್ಲಿ ಒಂದು ಅಪಾಯವೂ ಇದೆ. ಗುಂಪು ಸರಿಯಾದುದನ್ನು ಕಲಿಸುವಷ್ಟೇ ಸಲೀಸಾಗಿ ತಪ್ಪನ್ನೂ ಕಲಿಸುತ್ತದೆ. ಇಬ್ಬನಿಯಿಂದಲೋ ಮಳೆಯಿಂದಲೋ ತೊಯ್ದ ಹಸಿ ಎಲೆಯನ್ನು ಬರಿಗೈಯಲ್ಲಿ ಕೀಳುವವರಿಗೆ ತಲೆಸುತ್ತು, ವಾಂತಿ ಬರುವುದುಂಟು. ಎಲೆಯ ನಿಕೋಟಿನ್ ಚರ್ಮದ ಮೂಲಕ ಮೈಗೆ ಇಳಿಯುವುದೇ ಇದಕ್ಕೆ ಕಾರಣ. ‘ನಮಗೂ ಹೀಗೇ ಆಗುತ್ತಿತ್ತು, ಅಭ್ಯಾಸವಾಗುತ್ತೆ’ ಎಂದು ಹಿರಿಯರು ಹೇಳಿದರೆ ಕಿರಿಯರು ನಂಬುತ್ತಾರೆ. ಎಲೆ ಆರಿದ ಮೇಲೆ ಕೀಳಬೇಕು, ಕೈಗವಸು ತೊಡಬೇಕು, ಮೈ ಮುಚ್ಚುವ ಬಟ್ಟೆ ಹಾಕಬೇಕು ಎಂಬ ಮಾತು ಹೊರಗಿನಿಂದಲೇ ಬರಬೇಕು. ಕೆಲಸ ಕಲಿಸುವ ನೆಪದಲ್ಲಿ ಮಕ್ಕಳನ್ನು ಶಾಲೆ ಬಿಡಿಸಿ ಬ್ಯಾರನ್ನಿಗೆ ಕರೆತರುವುದು ಕಲಿಕೆಯಲ್ಲ, ಅನ್ಯಾಯ.

ಹೊರಗಿನ ತಿಳಿವಳಿಕೆ ಒಳಗಿನ ಗುಂಪಿಗೆ ಹೇಗೆ ಇಳಿಯಬೇಕು? ಇದಕ್ಕೆ ಉತ್ತರವನ್ನು ರೇಡಿಯೋವೇ ಒಮ್ಮೆ ಕಂಡುಕೊಂಡಿತು. 1935ರಲ್ಲಿ ಮೈಸೂರಿನಲ್ಲಿ ಸ್ವಂತ ಸಾಹಸದಿಂದ ಬಾನುಲಿ ನಿಲಯವನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರೆಂಬುದು ನಿಮಗೆ ನೆನಪಿರಬಹುದು. ಮನಸ್ಸಿಗೂ ರೇಡಿಯೋಗೂ ಇರುವ ನಂಟು ನಮ್ಮೂರಿನವರಿಗೆ ಹೊಸದಲ್ಲ. ಮುಂದೆ 1941ರಲ್ಲಿ ಕೆನಡಾ ದೇಶದಲ್ಲಿ ರೈತರ ರೇಡಿಯೋ ಕೂಟಗಳು ಹುಟ್ಟಿದವು. ನೆರೆಹೊರೆಯವರು ಒಂದು ಮನೆಯಲ್ಲಿ ಸೇರಿ ಪ್ರಸಾರವನ್ನು ಕೇಳುವುದು, ಕೇಳಿದುದನ್ನು ಚರ್ಚಿಸುವುದು, ಆಮೇಲೆ ಕೈಗೊಳ್ಳುವುದು, ಇದು ಅವುಗಳ ಕ್ರಮ. 1956ರಲ್ಲಿ ಯುನೆಸ್ಕೋ ನೆರವಿನಿಂದ ಆಕಾಶವಾಣಿ ಅಂದಿನ ಮುಂಬಯಿ ಪ್ರಾಂತದ ಐದು ಜಿಲ್ಲೆಗಳಲ್ಲಿ, ಸುಮಾರು 150 ಹಳ್ಳಿಗಳಲ್ಲಿ, ಪುಣೆಯ ನಿಲಯದಿಂದ ಇಂಥ ಪ್ರಯೋಗವನ್ನು ನಡೆಸಿತು. ವಾರಕ್ಕೆರಡು ಸಲ ಅರ್ಧ ಗಂಟೆಯ ಪ್ರಸಾರ, ಒಟ್ಟು ಇಪ್ಪತ್ತು. ಕೂಟದ ಸದಸ್ಯರು ಕೇಳಿ, ಮಾತಾಡಿ, ತಮ್ಮ ಪ್ರಶ್ನೆಗಳನ್ನು ನಿಲಯಕ್ಕೆ ಬರೆಯುತ್ತಿದ್ದರು.

ಇದರ ಫಲವನ್ನು ಪಾಲ್ ನ್ಯೂರಾತ್ ಎಂಬ ಸಮಾಜಶಾಸ್ತ್ರಜ್ಞರು ಪರಿಶೀಲಿಸಿದರು. ಕೂಟವಿದ್ದ ಹಳ್ಳಿಗಳನ್ನೂ, ರೇಡಿಯೋ ಇದ್ದು ಕೂಟವಿಲ್ಲದ ಹಳ್ಳಿಗಳನ್ನೂ, ಎರಡೂ ಇಲ್ಲದ ಹಳ್ಳಿಗಳನ್ನೂ ಹೋಲಿಸಿ ನೋಡಿದರು. ತಿಳಿವಳಿಕೆ ಎದ್ದುಕಾಣುವಂತೆ ಹೆಚ್ಚಿದ್ದು ಕೂಟವಿದ್ದ ಕಡೆಯಲ್ಲಿ. ಬರಿಯ ರೇಡಿಯೋ ಇದ್ದ ಕಡೆ ಆದ ಲಾಭ ಅಲ್ಪ. ಕೇಳುವುದು ಎಲ್ಲ ಕಡೆಯೂ ಒಂದೇ ಮಾತು. ಕೇಳಿದ ಮೇಲೆ ಪಕ್ಕದವರೊಡನೆ ‘ಇದು ನಮ್ಮ ಹೊಲಕ್ಕೆ ಹೊಂದೀತೆ?’ ಎಂದು ಆಡಿದ ಮಾತೇ ವ್ಯತ್ಯಾಸವನ್ನು ತಂದಿತು. 1959ರಲ್ಲಿ ಈ ಕೂಟಗಳನ್ನು ದೇಶಕ್ಕೆಲ್ಲ ಹರಡಲು ತೊಡಗಿದರು.

ಪಟ್ಟಣದ ಉದ್ಯೋಗಗಳಿಗೂ ಇದೇ ನ್ಯಾಯ. ಒಂದು ಕಚೇರಿಗೆ ಹೊಸಬರು ಸೇರುತ್ತಾರೆ. ಅವರನ್ನು ಮೂರು ದಿನ ಒಂದು ಹಾಲಿನಲ್ಲಿ ಕೂರಿಸಿ ಭಾಷಣದ ಮೇಲೆ ಭಾಷಣ ಮಾಡಿ, ಊಟ ಹಾಕಿ, ಪ್ರಮಾಣಪತ್ರ ಕೊಟ್ಟು ಕಳಿಸುತ್ತಾರೆ. ನಾಲ್ಕನೆಯ ದಿನ ಮೇಜಿನ ಮುಂದೆ ಕೂತಾಗ ಮೊದಲ ಕಡತವೇ ಅರ್ಥವಾಗುವುದಿಲ್ಲ. ಆಗ ಅವರು ಏನು ಮಾಡುತ್ತಾರೆ? ಪಕ್ಕದ ಮೇಜಿನವರನ್ನು ಮೆಲ್ಲಗೆ ಕೇಳುತ್ತಾರೆ. ನಿಜವಾದ ತರಬೇತು ಆರಂಭವಾಗುವುದು ಅಲ್ಲಿಂದ. ದುರ್ದೈವವೆಂದರೆ, ಆ ಪಕ್ಕದವರಿಗೆ ಕಲಿಸಲು ಹೊತ್ತನ್ನು ಯಾರೂ ಕೊಟ್ಟಿಲ್ಲ. ಕಲಿಸಿದ್ದಕ್ಕೆ ಮನ್ನಣೆಯೂ ಇಲ್ಲ.

ವಿದ್ವಾಂಸರು ಇದನ್ನು ಗಮನಿಸದೆ ಇಲ್ಲ. ಜೀನ್ ಲೇವ್ ಎಂಬಾಕೆ ಪಶ್ಚಿಮ ಆಫ್ರಿಕದ ಲೈಬೀರಿಯದಲ್ಲಿ ದರ್ಜಿಗಳ ಅಂಗಡಿಗಳಲ್ಲಿ ಕುಳಿತು ನೋಡಿದರು. ಹೊಸ ಹುಡುಗ ಮೊದಲು ಗುಂಡಿ ಹೊಲೆಯುತ್ತಾನೆ, ಅಂಚು ಮಡಿಸುತ್ತಾನೆ, ಇಸ್ತ್ರಿ ಮಾಡುತ್ತಾನೆ. ಬಟ್ಟೆ ಕತ್ತರಿಸುವ ಕೆಲಸ ಕಟ್ಟಕಡೆಗೆ. ಕೊನೆಯ ಹಂತದ ಕೆಲಸವನ್ನು ಮೊದಲು ಕಲಿಯುವುದರಿಂದ ಅಂಗಿ ಪೂರ್ತಿಯಾಗಿ ಹೇಗಿರಬೇಕೆಂಬುದು ಅವನಿಗೆ ಮೊದಲೇ ತಿಳಿದಿರುತ್ತದೆ, ತಪ್ಪಿದರೂ ಬಟ್ಟೆ ಹಾಳಾಗುವುದಿಲ್ಲ. ಆಕೆಯೂ ಎಟಿಯೆನ್ ವೆಂಗರ್ ಎಂಬವರೂ 1991ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಲಿಕೆಯೆಂದರೆ ದುಡಿಯುವವರ ಸಮುದಾಯದೊಳಕ್ಕೆ ಅಂಚಿನಿಂದ ನಡುವಿಗೆ ಸರಿಯುತ್ತ ಬರುವುದು ಎಂದು ವಾದಿಸಿದರು. ಸೌದೆ ಒಟ್ಟುವುದರಿಂದ ಒಲೆಯ ಯಜಮಾನಿಕೆಗೆ ಬಂದವನೂ ನಡೆದದ್ದು ಇದೇ ದಾರಿ.

ಜೂಲಿಯನ್ ಆರ್ ಎಂಬ ಇನ್ನೊಬ್ಬರು ಅಮೆರಿಕದಲ್ಲಿ ನಕಲು ಯಂತ್ರಗಳನ್ನು ರಿಪೇರಿ ಮಾಡುವವರ ಜೊತೆ ತಿರುಗಾಡಿದರು. ಕಂಪನಿ ಕೊಟ್ಟ ದಪ್ಪ ಪುಸ್ತಕದಲ್ಲಿ ಇಲ್ಲದ ಕಾಯಿಲೆಗಳು ಯಂತ್ರಕ್ಕೆ ಬಂದಾಗ ಅವರಿಗೆ ದಾರಿ ತೋರುತ್ತಿದ್ದುದು ಒಟ್ಟಿಗೆ ಊಟ ತಿಂಡಿಗೆ ಕೂತಾಗ ಒಬ್ಬರಿಗೊಬ್ಬರು ಹೇಳಿಕೊಂಡ ಕಥೆಗಳು. ಜಪಾನಿನಲ್ಲಿ 1962ರಲ್ಲಿ ಕಾರ್ಖಾನೆಯ ಕೆಲಸಗಾರರ ಸಣ್ಣ ಸಣ್ಣ ಗುಣಮಟ್ಟದ ಕೂಟಗಳು ಆರಂಭವಾದವು. ನಮ್ಮಲ್ಲಿ 1980ರಲ್ಲಿ ಹೈದರಾಬಾದಿನ ಬಿ. ಎಚ್. ಇ. ಎಲ್. ಕಾರ್ಖಾನೆ ಅದನ್ನು ಕೈಗೊಂಡಿತು. ಒಂದೇ ವಿಭಾಗದ ಕೆಲವರು ವಾರಕ್ಕೊಮ್ಮೆ ಕೂತು, ತಮ್ಮ ಕೆಲಸದ ಒಂದು ತೊಡಕನ್ನು ತಾವೇ ಆರಿಸಿ, ತಾವೇ ಬಿಡಿಸುವುದು ಅದರ ತಿರುಳು.

ಇವನ್ನೆಲ್ಲ ಒಟ್ಟುಮಾಡಿ ನೋಡಿದರೆ ನಮ್ಮ ಕೈಲಾಗುವ ಕೆಲವು ಕೆಲಸಗಳು ಹೊಳೆಯುತ್ತವೆ. ಮೊದಲನೆಯದು, ಹೊಸಬರಿಗೆ ಮೊದಲ ದಿನದಿಂದಲೇ ಚಿಕ್ಕದಾದರೂ ನಿಜವಾದ ಕೆಲಸ ಕೊಡಿ. ತಪ್ಪಿದರೆ ಹೆಚ್ಚು ನಷ್ಟವಾಗದಂಥದು ಅದಾಗಿರಲಿ. ಎರಡನೆಯದು, ಒಬ್ಬ ಅನುಭವಿಯ ಜೊತೆ ಅವರನ್ನು ಜೋಡಿಸಿ. ಆ ಅನುಭವಿಯ ಕೆಲಸದ ಹೊರೆಯನ್ನು ಅಷ್ಟರಮಟ್ಟಿಗೆ ಇಳಿಸಿ. ಕಲಿಸುವುದೂ ಕೆಲಸವೇ. ಮೂರನೆಯದು, ವಾರಕ್ಕೆ ಅರ್ಧ ಗಂಟೆ ಎಲ್ಲರೂ ಕೂತು ಆ ವಾರ ಕೆಟ್ಟುಹೋದ ಕೆಲಸವೊಂದನ್ನು ಮುಂದಿಟ್ಟುಕೊಂಡು ಮಾತಾಡಿ. ಯಾರು ಕೆಡಿಸಿದರು ಎಂಬ ಮಾತು ಅಲ್ಲಿ ಬರಕೂಡದು. ಹೇಗೆ ಕೆಟ್ಟಿತು ಎಂಬುದಷ್ಟೇ ಬರಬೇಕು. ಒಮ್ಮೆ ಶಿಕ್ಷೆಯಾಯಿತೆಂದರೆ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ನಾಲ್ಕನೆಯದು, ಹೊರಗೆ ತರಬೇತಿಗೆ ಹೋಗಿ ಬಂದವರು ತಮ್ಮ ಜೊತೆಯವರಿಗೆ ಅದನ್ನು ಮಾಡಿ ತೋರಿಸಲಿ. ಹೇಳಿಕೊಟ್ಟಾಗಲೇ ತಮಗೆ ಎಷ್ಟು ತಿಳಿದಿದೆಯೆಂಬುದು ಅವರಿಗೂ ಗೊತ್ತಾಗುವುದು.

ಐದನೆಯದು ಎಲ್ಲಕ್ಕಿಂತ ಕಷ್ಟವಾದದ್ದು. ಕೂಟದಲ್ಲಿ ಯಾರಿಗೆ ಜಾಗವಿದೆ, ಯಾರ ಮಾತಿಗೆ ಬೆಲೆಯಿದೆ ಎಂಬುದನ್ನು ಗಮನಿಸಬೇಕು. ಸೊಪ್ಪು ವಿಂಗಡಿಸುವ ಹೆಂಗಸರನ್ನು ಬಿಟ್ಟು ಗಂಡಸರನ್ನು ಮಾತ್ರ ಕರೆದು ವಿಂಗಡಣೆಯ ತರಬೇತಿ ಕೊಟ್ಟರೆ ಅದು ಯಾರ ಕೈಗೂ ಇಳಿಯದು. ಆಸ್ಪತ್ರೆಯಲ್ಲಿ ಆಯಾ, ಕಾರ್ಖಾನೆಯಲ್ಲಿ ಹೆಲ್ಪರ್, ಕಚೇರಿಯಲ್ಲಿ ಅಟೆಂಡರ್, ಇವರು ದಿನವೂ ಕಾಣುವುದನ್ನು ಮೇಲಿನವರು ಕಾಣುವುದಿಲ್ಲ. ಜಾತಿ, ಹೆಣ್ಣು ಗಂಡೆಂಬ ಭೇದ, ಹುದ್ದೆಯ ಹಮ್ಮು ಇವು ಬಾಗಿಲಲ್ಲಿ ನಿಂತರೆ ತಿಳಿವಳಿಕೆ ಒಳಗೆ ಬರುವುದಿಲ್ಲ. ಹಾಗೆಯೇ ಹಿರಿಯರು ತಮ್ಮ ಗುಟ್ಟನ್ನು ಬಿಟ್ಟುಕೊಟ್ಟರೆ ತಮ್ಮ ಸ್ಥಾನ ಹೋದೀತೆಂದು ಹೆದರುವುದುಂಟು. ಆ ಹೆದರಿಕೆ ಸುಳ್ಳಲ್ಲ. ಕಲಿಸಿಕೊಟ್ಟವರನ್ನು ಕೈಬಿಡುವ ಸಂಸ್ಥೆಯಲ್ಲಿ ಯಾರೂ ಮನಬಿಚ್ಚಿ ಕಲಿಸುವುದಿಲ್ಲ.

ಕಡೆಯದಾಗಿ ಹೊಗೆಸೊಪ್ಪಿನ ಮಾತು. ತಂಬಾಕನ್ನು ಹತೋಟಿಯಲ್ಲಿಡುವ ವಿಶ್ವ ಆರೋಗ್ಯ ಸಂಸ್ಥೆಯ ಒಡಂಬಡಿಕೆಯನ್ನು ಭಾರತ 2004ರಲ್ಲಿ ಅಂಗೀಕರಿಸಿತು. ಬೆಳೆಗಾರರಿಗೆ ಬೇರೆ ಜೀವನೋಪಾಯಗಳನ್ನು ಒದಗಿಸಬೇಕೆಂಬುದೂ ಅದರಲ್ಲಿ ಸೇರಿದೆ. ಜನರ ಆರೋಗ್ಯ, ಕಾಡಿನ ಮರ, ಬೆಳೆಯುವವರ ಮೈ ಈ ಮೂರನ್ನೂ ನೋಡಿದರೆ ಈ ಬೆಳೆಯ ಮೇಲೆಯೇ ಮುಂದಿನ ತಲೆಮಾರಿನ ಬದುಕನ್ನು ನಿಲ್ಲಿಸುವುದು ಕ್ಷೇಮವಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಯ ಸಾವಿರಾರು ಮನೆಗಳಿಗೆ ಇದು ಬರಲಿರುವ ಪರೀಕ್ಷೆ. ಬೆಳೆ ಬದಲಾದೀತು, ಬ್ಯಾರನ್ನು ಪಾಳು ಬಿದ್ದೀತು. ಆದರೆ ಒಬ್ಬರ ಹೊಲದಲ್ಲಿ ಇನ್ನೊಬ್ಬರು ದುಡಿದು, ಒಬ್ಬರ ಬೆಲೆಯಿಂದ ಇನ್ನೊಬ್ಬರು ತಿಳಿದು, ರಾತ್ರಿಯ ಕಾವಲಿನಲ್ಲಿ ಕಿರಿಯರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದ ಅಭ್ಯಾಸ ಉಳಿದಿದ್ದರೆ ಹೊಸ ಬೆಳೆಯನ್ನೂ ಅವರು ಕಲಿತಾರು. ಅಧಿಕಾರಿಗಳು ಹೊಸ ಬೆಳೆಯ ಬೀಜವನ್ನಷ್ಟೇ ಹಂಚಿ ಹೋಗಬಾರದು. ಆ ಅಭ್ಯಾಸದ ಮೇಲೆಯೇ ತಮ್ಮ ಪಾಠವನ್ನು ಕಟ್ಟಬೇಕು.

ನೀವು ದುಡಿಯುವ ಜಾಗದಲ್ಲಿಯೂ ಒಬ್ಬರು ಹೊಸಬರು ಇರಬಹುದು, ನಿವೃತ್ತಿಗೆ ಹತ್ತಿರವಾದ ಹಿರಿಯರೊಬ್ಬರೂ ಇರಬಹುದು. ಅವರಿಬ್ಬರೂ ಒಂದೇ ಕೆಲಸದ ಮುಂದೆ ಒಟ್ಟಿಗೆ ನಿಂತು ಎಷ್ಟು ದಿನವಾಯಿತೆಂದು ನಾಳೆ ಬೆಳಿಗ್ಗೆ ಒಮ್ಮೆ ವಿಚಾರಿಸಿ ನೋಡಿ.